ಮಣೂಕದ ನೀರು

ನನ್ನ ಗಂಡ ನೆಮ್ಮದಿಯಿಂದ ನಿದ್ದೆ ಮಾಡತೊಡಗಿದ ವಾರವೇ ನನಗೆ ಅವರ ಮೇಲೆ ಸಂಶಯ ಬಂತು.

ಓದುವವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಇಬ್ಬರು ಮಕ್ಕಳನ್ನು ಒಂದೇ ವಾರದಲ್ಲಿ ಮಣ್ಣಿಗೆ ಕೊಟ್ಟ ಮನುಷ್ಯ, ಒಂಬತ್ತು ತಿಂಗಳು ರೊಟ್ಟಿ ಗಂಟಲಲ್ಲಿ ಇಳಿಯದೆ ತಾಟು ಸರಿಸಿ ಎದ್ದು ಹೋಗುತ್ತಿದ್ದ ಮನುಷ್ಯ, ಒಂದು ಭಾನುವಾರ ಹೊರಗಿನಿಂದ ಬಂದು ಎರಡು ರೊಟ್ಟಿ ತಿಂದು, ಇನ್ನೊಂದಿಷ್ಟು ಪುಂಡಿ ಪಲ್ಯ ಹಾಕೆಂದು ಕೇಳಿ, ಗೋಡೆಗೆ ಒರಗಿದವರು ಹಾಗೆಯೇ ಗೊರಕೆ ಹೊಡೆದರೆ, ಹೆಂಡತಿಯಾದವಳು ಏನೆಂದುಕೊಳ್ಳಬೇಕು? ನನ್ನ ತವರು ಭಾತಂಬ್ರಾದಲ್ಲಿ ನಮ್ಮಜ್ಜಿ ಹೇಳುತ್ತಿದ್ದಳು: "ಸುಮ್ಮ ನಿಂತ ಎತ್ತಿಗೂ ಸುಮ್ಮಸುಮ್ನ ನಗೋ ಗಂಡಸಿಗೂ ಬೆನ್ನು ಕೊಡಬ್ಯಾಡವ್ವ." ನನಗೆ ಮಾತು ಕಲಿಸಿದವಳು ಅವಳೇ. ಸಂಶಯ ಕಲಿಸಿದವಳೂ ಅವಳೇ.

ಆಗ ನಾವು ಬೀದರದಲ್ಲಿ, ಕೋಟೆ ಗೋಡೆಯ ಒಳಗೆ, ಚೌಬಾರಾ ಗೋಪುರದ ಹಿಂದಿನ ಓಣಿಯಲ್ಲಿ ಇದ್ದೆವು. ನಮ್ಮದು ಕಂಬಳಿ ವ್ಯಾಪಾರ. ಕುರುಬರ ಹಟ್ಟಿಗಳಿಗೆ ಹೋಗಿ ಕಂಬಳಿ ತಂದು ಪೇಟೆಯಲ್ಲಿ ಮಾರುವುದು. ಹೊಸ ಕಂಬಳಿಯನ್ನು ನನ್ನ ಗಂಡ ಹಾಗೆಯೇ ಕೊಳ್ಳುತ್ತಿರಲಿಲ್ಲ. ಅದರ ನಾಲ್ಕು ತುದಿಗಳನ್ನು ಹಿಡಿದು ತೊಟ್ಟಿಲಿನಂತೆ ತೂಗಹಾಕಿ, ನಡುವೆ ಒಂದು ತಂಬಿಗೆ ನೀರು ಸುರಿದು ಕಾಯುತ್ತಿದ್ದರು. ಒಂದು ಎಲೆ ಅಡಿಕೆ ಜಗಿದು ಮುಗಿಯುವವರೆಗೂ ಹನಿ ಸೋರದಿದ್ದರೆ ಕಂಬಳಿ ನಮ್ಮದು. ಮನೆಯಲ್ಲಿ ಹೀಗೆ ನೋಡುವಾಗ ಎರಡು ತುದಿ ನನ್ನ ಕೈಯಲ್ಲಿರುತ್ತಿದ್ದವು. ಆ ಮನೆಯಲ್ಲಿ ಪರೀಕ್ಷೆ ಮಾಡದೆ ಯಾವುದನ್ನೂ ನಂಬುತ್ತಿರಲಿಲ್ಲ.

ಪ್ಲೇಗಿನ ವರ್ಷ ಊರೊಳಗೆ ಇಲಿ ಸತ್ತು ಬೀಳತೊಡಗಿದವು. ಮನೆ ಬಿಟ್ಟು ಹೊರಗೆ ಹೋಗಿರೆಂದು ನಿಜಾಮ ಸರ್ಕಾರದ ಡಂಗುರವಾಯಿತು. ನನ್ನ ಅತ್ತೆ ತವರೂರು ಔರಾದಕ್ಕೆ ಹೋದಳು. ನಾವಿಬ್ಬರು, ಐದು ವರ್ಷದ ಮಗಳು, ಎರಡು ವರ್ಷದ ಮಗ, ಜನವಾಡದ ದಾರಿಯ ಬದಿಗೆ ಗುಡಿಸಲು ಹಾಕಿಕೊಂಡೆವು. ಅಲ್ಲಿ ಮೊದಲು ಜ್ವರ ಬಂದದ್ದು ನನಗೆ. ಎಚ್ಚರವಾದಾಗ ಎಷ್ಟು ದಿನ ಕಳೆದಿದ್ದವೋ ತಿಳಿಯದು. ಗುಡಿಸಲಲ್ಲಿ ನಾವಿಬ್ಬರೇ ಇದ್ದೆವು.

"ಎಲ್ಲಿ ಇಟ್ಟೀರಿ?" ಎಂದು ಕೇಳಿದೆ.

"ಹೊಲದಾಗ," ಎಂದರು.

"ಯಾರ ಹೊಲದಾಗ?"

ಅವರು ಮುಖ ತಿರುಗಿಸಿ ಒಲೆ ಊದಿದರು. ನನ್ನ ಸೀರೆಯ ಸೆರಗು ಒಂದು ಗೇಣು ಹರಿದು ಹೋಗಿತ್ತು. ಅದನ್ನೂ ಕೇಳಿದೆ. "ಇಲಿ ಕಡದಿರಬೇಕು," ಎಂದು ಹೊರಗೆ ಎದ್ದು ಹೋದರು. ಇದ್ದ ಇಲಿಗಳೆಲ್ಲ ಸತ್ತು ಬಿದ್ದಿದ್ದ ಕಾಲ ಅದು. ಯಾವ ಇಲಿ ಬಂದು ಅಷ್ಟು ನೇರವಾಗಿ ಸೆರಗು ಕಡಿಯುತ್ತದೆ? ಆ ಸೀರೆಯನ್ನು ನಾನು ಹೊಲಿಯಲಿಲ್ಲ, ಬಿಸಾಡಲೂ ಇಲ್ಲ. ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟೆ.

ರೋಗ ಇಳಿದ ಮೇಲೆ ಊರೊಳಗಿನ ಮನೆಗೆ ಮರಳಿದೆವು. ಅತ್ತೆಯೂ ಔರಾದದಿಂದ ಬಂದಳು, ಬರಿಗೈಯಲ್ಲಿ ಅಲ್ಲ, ಒಂದು ಯೋಜನೆ ಹೊತ್ತುಕೊಂಡು. ಅವಳ ತಮ್ಮನ ಮಗಳು ಹದಿನಾರಕ್ಕೆ ಬಂದಿದ್ದಳು. ಜ್ವರದ ನಂತರ ನನ್ನ ಮುಟ್ಟು ನಿಂತುಹೋಗಿತ್ತು. ಸೂಲಗಿತ್ತಿ ಹೊಟ್ಟೆ ಒತ್ತಿ ನೋಡಿ ತಲೆಯಾಡಿಸಿದ್ದಳು. ಅತ್ತೆ ಕೆಟ್ಟವಳಲ್ಲ, ಗುಟ್ಟು ಮಾಡುವವಳಂತೂ ಅಲ್ಲವೇ ಅಲ್ಲ. ನನ್ನ ಎದುರಿಗೇ ಕುಳಿತು ಜೋಳ ಹಸನು ಮಾಡುತ್ತಾ ಹೇಳಿದಳು:

"ಸ್ವಾಸಿ, ನೀ ಏನು ಮನಿ ಬಿಟ್ಟು ಹೋಗಬ್ಯಾಡ. ಹಿಂದಿನ ಖೋಲಿ ನಿನಗ. ಅಕಿ ಬಂದು ಒಂದು ಗಂಡು ಹಡದ್ರ ನೀನೇ ಎತ್ತಿ ಆಡಿಸು. ನಾ ಏನು ಬ್ಯಾಡ ಅಂತೀನೇನು?"

"ನಿಮ್ಮ ಮಗ ಏನಂತಾರ?"

"ಅಂವ ಏನಂತಾನ, ಕಂಬಳಿ ಗಂಟು. ಎಲ್ಲಿ ಇಟ್ರ ಅಲ್ಲಿ ಇರ್ತಾನ."

ಹೂಂ ಎಂದೂ ನನ್ನ ಗಂಡ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಆ ದಿನಗಳಲ್ಲಿ ನನಗೆ ಮಕ್ಕಳ ನೆನಪಿನ ಜೊತೆಗೆ ಆ ಹಿಂದಿನ ಕೋಣೆಯ ಕತ್ತಲೂ ಕಣ್ಣ ಮುಂದೆ ಬರುತ್ತಿತ್ತು. ಬಾಗಿಲು ತೆರೆದರೆ ದನದ ಕೊಟ್ಟಿಗೆ, ಮುಚ್ಚಿದರೆ ಏನೂ ಇಲ್ಲ.

ಇಂಥ ಹೊತ್ತಿನಲ್ಲಿ ಶುರುವಾದದ್ದು ಈ ನಿದ್ದೆ, ಈ ಹಸಿವು, ಈ ಭಾನುವಾರಗಳು.

ಬೆಳಗಾದರೆ ತಟ್ಟು ಕುದುರೆ ಏರಿ ಜನವಾಡದ ಕಡೆಗೆ ಹೊರಡುವರು. "ಕಂಬಳಿ ತರ್ತೇನಿ," ಎನ್ನುವರು. ಮಧ್ಯಾಹ್ನ ಬರುವಾಗ ತಟ್ಟುವಿನ ಬೆನ್ನ ಮೇಲೆ ಒಂದು ಕಂಬಳಿಯೂ ಇರುತ್ತಿರಲಿಲ್ಲ. ಮುಖ ಮಾತ್ರ ತೊಳೆದ ತಾಮ್ರದ ಹಾಗೆ ಇರುತ್ತಿತ್ತು. ಒಂದು ಸಲ ಅಂಗಿಯ ಎದೆಯ ಮೇಲೆ ಕೆಂಪು ಕಲೆ. ಒಗೆದರೆ ಸಿಹಿ ವಾಸನೆ. ಇನ್ನೊಂದು ಸಲ ಧೋತರದ ಅಂಚಿಗೆ ಅಂಟಿಕೊಂಡಿದ್ದ ಒಂದು ಮಣೂಕ, ಕಪ್ಪು ಒಣದ್ರಾಕ್ಷಿ. ಒಂಬತ್ತು ತಿಂಗಳಿಂದ ನಮ್ಮ ಮನೆಗೆ ಮಣೂಕ ಬಂದಿರಲಿಲ್ಲ. ತಿನ್ನುವ ಬಾಯಿಗಳು ಮಣ್ಣಲ್ಲಿದ್ದವು. ಒಂದು ಬೆಳಿಗ್ಗೆ ತಟ್ಟುವಿಗೆ ಮೇವು ಹಾಕುತ್ತಾ ಏನೋ ಒಂದು ರಾಗ ಗುನುಗಿದರು. ನನ್ನನ್ನು ಕಂಡೊಡನೆ ನಿಲ್ಲಿಸಿದರು. ನಿಲ್ಲಿಸಿದ್ದೇ ನನ್ನ ಎದೆಗೆ ನಾಟಿತು.

ಒಣಹಣ್ಣಿನ ಅಂಗಡಿಯ ಮುದುಕ ಸಾಹೇಬರ ಹತ್ತಿರ ಹೋದೆ. ಕಲ್ಲುಸಕ್ಕರೆ ಕೇಳಿದೆ. ಅವರು ತೂಗುತ್ತಾ ತಾವಾಗಿಯೇ ಬಾಯಿಬಿಟ್ಟರು.

"ಬೇಟಿ, ನಿಮ್ಮ ಮನಿಯವ್ರು ಹರ ಶನಿವಾರ ಮುನಕ್ಕಾ ಒಯ್ತಾರಲ್ಲ, ಕರೇದು, ಅಸಲಿ ಮಾಲು. ಮನ್ಯಾಗ ಬಾಣಂತಿ ಇದ್ದಾಳೇನು? ಮುಬಾರಕ್ ಅಂತ ಹೇಳಬೇಕಂತಿದ್ದೆ, ಅವರು ಮಾತೇ ಆಡಾಂಗಿಲ್ಲ."

ನಮ್ಮ ಕಡೆ ಬಾಣಂತಿಗೆ ಮಣೂಕ ನೆನೆಸಿದ ನೀರು ಕುಡಿಸುತ್ತಾರೆ, ರಕ್ತ ತುಂಬಲಿ ಎಂದು. ನನ್ನ ಎರಡೂ ಬಾಣಂತನದಲ್ಲಿ ಅತ್ತೆಯೇ ಕುಡಿಸಿದ್ದಳು. ಕಲ್ಲುಸಕ್ಕರೆಯ ಪೊಟ್ಟಣವನ್ನು ಅಲ್ಲಿಯೇ ಬಿಟ್ಟು ಮನೆಗೆ ಬಂದೆ. ಎಲ್ಲವೂ ಹೊಂದಿಕೊಂಡಿತು: ನಿದ್ದೆ, ಹಸಿವು, ರಾಗ, ಸಿಹಿ ಕಲೆ. ಜನವಾಡದ ದಾರಿಯಲ್ಲಿ ಎಲ್ಲಿಯೋ ಒಬ್ಬಳು ಇದ್ದಾಳೆ, ಅವಳ ಮಡಿಲಲ್ಲಿ ಒಂದು ಕೂಸು ಇದೆ. ನನ್ನ ಮಕ್ಕಳ ಜಾಗ ತುಂಬಿದೆ.

ಅತ್ತೆಗೆ ಹೇಳಿಬಿಟ್ಟೆ. ಹೇಳಬಾರದಿತ್ತು, ಆದರೆ ಆ ಮನೆಯಲ್ಲಿ ಅವಳಲ್ಲದೆ ನನಗೆ ಇನ್ಯಾರಿದ್ದರು? ಅವಳು ಬೀಸುವ ಕಲ್ಲಿನ ಗೂಟ ಬಿಟ್ಟು ಎದ್ದಳು.

"ಏನಂದಿ? ನನ್ನ ತಮ್ಮನ ಮಗಳು ಬಂಗಾರದಂಥಾಕಿ ಔರಾದದಾಗ ಕುಂತಾಳ, ಇಂವ ಯಾವಕಿಗೋ ಮಣೂಕ ತಿನಸ್ಲಾಕತ್ತಾನ?"

"ಅತ್ತಿ, ನನ್ನ ಗತಿ ಏನಂತ ಕೇಳ್ರಿ ಮೊದಲು."

"ನಿನ್ನ ಗತಿ ಆಮ್ಯಾಗ ನೋಡಾಣ. ಮೊದಲು ಅಕಿ ಜುಟ್ಟು ಹಿಡಿಯಾಣ. ನಡಿ ಐತವಾರ."

ಹೀಗೆ, ಸವತಿಯನ್ನು ತರಬೇಕೆಂದಿದ್ದವಳು ಮತ್ತು ಸವತಿಗೆ ಅಂಜಿದವಳು, ಇಬ್ಬರೂ ಒಂದೇ ಸವತಿಯನ್ನು ಹುಡುಕಲು ಹೊರಟೆವು.

ಆ ಭಾನುವಾರ ತಟ್ಟು ಓಣಿ ದಾಟಿದ ಸ್ವಲ್ಪ ಹೊತ್ತಿಗೆ ನಾವೂ ಊರ ದರವಾಜೆ ದಾಟಿದೆವು. ಕೆಂಪು ಮುರ್ರಂ ಮಣ್ಣಿನ ದಾರಿ, ಮೇಲೆ ಬಿಸಿಲು. ಒಂದು ಹರದಾರಿ ನಡೆಯುವಷ್ಟರಲ್ಲಿ ಅತ್ತೆಯ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಚಪ್ಪಲಿ ಕೈಯಲ್ಲಿ ಹಿಡಿದು, "ಇದೂ ಕೆಲಸಕ್ಕ ಬರ್ತದ, ಅಕಿ ಸಿಗಲಿ," ಎಂದು ಬರಿಗಾಲಲ್ಲಿ ನಡೆದಳು. ಪ್ಲೇಗಿನಲ್ಲಿ ನಾವು ಗುಡಿಸಲು ಹಾಕಿದ್ದ ಜಾಗ ಬಂತು. ನಾನು ಆ ಕಡೆ ನೋಡಲಿಲ್ಲ. ಅದರ ಆಚೆಗೆ ನಾಲ್ಕು ಹೆಜ್ಜೆ, ಒಂದು ಬೇವಿನ ಮರ. ಅದರ ಕೆಳಗೆ ನಮ್ಮ ತಟ್ಟು.

ಮರದ ಪಕ್ಕ ಜೋಳದ ದಂಟಿನ ಒಂದು ಉದ್ದನೆಯ ಗುಡಿಸಲು. ಊರಿನ ಹೊರಕೇರಿಯವರದು, ದಾರಿಯಲ್ಲಿ ನಾವು ಬಂದರೆ ಬದಿಗೆ ಸರಿದು ನಿಲ್ಲುತ್ತಿದ್ದ ಜನ. ಅವರು ಕ್ರಿಸ್ತರಾಗಿದ್ದಾರೆಂದು, ಮಿಶನ್ನಿನವರು ಅವರಿಗೊಬ್ಬ ಮಾಸ್ತರನನ್ನು ಕೊಟ್ಟಿದ್ದಾರೆಂದು ಕೇಳಿದ್ದೆ. ಬಾಗಿಲಿನಿಂದ ಇಣುಕಿದೆವು. ಹತ್ತಿಪ್ಪತ್ತು ಜನ ನೆಲದ ಮೇಲೆ ಕುಳಿತು ಹಾಡುತ್ತಿದ್ದರು. ಅವರ ನಡುವೆ, ಅವರ ಭುಜಕ್ಕೆ ಭುಜ ತಾಗಿಸಿಕೊಂಡು, ನನ್ನ ಗಂಡ. ಒಂದು ಕಾಲು ಕುಂಟಾಗಿದ್ದ ಮುದುಕ ಮಾಸ್ತರ ಜೋಳದ ರೊಟ್ಟಿ ಮುರಿದು ಚೂರು ಚೂರು ಕೊಡುತ್ತಿದ್ದರು. ಹಿಂದೆಯೇ ಒಂದು ಹಿತ್ತಾಳೆ ಬಟ್ಟಲು ಕೈಯಿಂದ ಕೈಗೆ ಬರುತ್ತಿತ್ತು. ಬಟ್ಟಲಲ್ಲಿ ಕೆಂಪು ನೀರು. ನನ್ನ ಗಂಡ ಅದನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಒಂದು ಗುಟುಕು ಕುಡಿದರು.

ನಾನು ಹೆಂಗಸರ ಸಾಲು ನೋಡಿದೆ. ಬಾಣಂತಿ ಯಾರೂ ಇರಲಿಲ್ಲ.

ಅತ್ತೆ ನೋಡಿದ್ದು ಬಟ್ಟಲನ್ನು. ನಮ್ಮಲ್ಲಿ ಜಂಗಮರ ಪಾದ ತೊಳೆದ ನೀರನ್ನು ಪಾದೋದಕವೆಂದು ಸೇವಿಸುತ್ತೇವೆ. ಗುರುವಿನಿಂದ ಬಂದ ಪವಿತ್ರ ನೀರು ಎಂದರೆ ಅವಳಿಗೆ ಅದೊಂದೇ ಅರ್ಥ. ಅದರ ಮೇಲೆ, ಬೀದರದ ಮುರ್ರಂ ಮಣ್ಣಿನಲ್ಲಿ ನಡೆದು ಬಂದ ಯಾರ ಕಾಲು ತೊಳೆದರೂ ನೀರು ಕೆಂಪಾಗುತ್ತದೆ. ಅವಳ ಕೈಯಲ್ಲಿನ ಚಪ್ಪಲಿ ಕೆಳಗೆ ಬಿತ್ತು.

"ಏ ಮೂಳ! ಯಾರ ಕಾಲು ತೊಳದ ನೀರು ಕುಡಿಲಾಕತ್ತಿಯೋ? ಈ ಕುಂಟಂದೋ, ಮಿಶನ್ನಿನ ಬಿಳೀ ಪಾದ್ರಿದೋ?"

ಹಾಡು ನಿಂತಿತು. ನನ್ನ ಗಂಡ ಕಣ್ಣು ತೆರೆದರು. ಮಾಸ್ತರ ಗೋಡೆ ಹಿಡಿದು ಎದ್ದು, ಅಭ್ಯಾಸಬಲದಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರು.

"ಯಾರ ಕಾಲಿಂದೂ ಅಲ್ಲರಿ ಯವ್ವಾ. ಮಣೂಕ ನೆನಿ ಇಟ್ಟು ಕಿವಚಿದ ನೀರದು. ನಿಮ್ಮ ಮಗನೇ ತಂದು ಕೊಡ್ತಾರ."

"ಸುಳ್ಳು ಹೇಳಬ್ಯಾಡ. ಗುರು ಇದ್ದಮ್ಯಾಗ ಪಾದೋದಕ ಇರಲಾರದ ಹ್ಯಾಂಗ ಇರ್ತದ?"

"ನಮ್ಮ ಗುರು ಉಲ್ಟಾ ಇದ್ದಾನರಿ. ಸಾಯೋ ಮುಂಚಿನ ದಿವಸ ಅಂವನೇ ಕೆಳಗ ಕುಂತು ಶಿಷ್ಯರ ಕಾಲು ತೊಳದಾನ."

ಅತ್ತೆ ಬಿದ್ದ ಚಪ್ಪಲಿ ಎತ್ತಿಕೊಂಡಳು. ಆಮೇಲೆ ನಿಜವಾದ ಅನುಮಾನದಿಂದ ಕೇಳಿದಳು: "ಶಿಷ್ಯರ ಕಾಲು ಗುರು ತೊಳದ್ರ ಅಂವಗ ಕಿಮ್ಮತ್ತು ಯಾರು ಕೊಡ್ತಾರೋ ತಮ್ಮಾ?"

"ಭಾಳ ಮಂದಿ ಕೊಡಾಂಗಿಲ್ಲರಿ," ಎಂದರು ಮಾಸ್ತರ. ಒಳಗೆ ಯಾರೋ ಕಿಸಕ್ಕೆಂದು ನಕ್ಕರು.

ನನ್ನ ಗಂಡ ಹೊರಗೆ ಬಂದು, ನನ್ನ ಕೈ ಹಿಡಿದು, ಬೇವಿನ ಮರದ ಹಿಂದಕ್ಕೆ ಕರೆದುಕೊಂಡು ಹೋದರು. ಅಷ್ಟು ಜನರೆದುರು ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. ಮರದ ಹಿಂದೆ ಸುಣ್ಣ ಬಳಿದ ಕಲ್ಲುಗಳ ಎರಡು ಗುಡ್ಡೆ. ಒಂದು ಮೊಳ ಉದ್ದದ್ದೊಂದು, ಅದಕ್ಕಿಂತ ಗಿಡ್ಡದ್ದೊಂದು.

"ಯಾಕ ಹೇಳ್ಲಿಲ್ಲರಿ?"

"ಹ್ಯಾಂಗ ಹೇಳ್ಲಿ? ನಮ್ಮವ್ರ ಗುಡಸಲ ಗುಡಸಲಕ್ಕ ಹೋಗಿ ಕರದೆ. ಒಬ್ರೂ ಬರಲಿಲ್ಲ. ಅವರಿಗೂ ಜೀವದ ಅಂಜಿಕಿ. ಇವರು ಕರೀಲಾರದ ಬಂದು ತಗ್ಗು ತೋಡಿದ್ರು. ನಿನ್ನ ಮಕ್ಕಳನ್ನ ಇವರ ಕೈಯಾಗ ಕೊಟ್ಟೆ ಅಂದ್ರ ನೀ ಸಾಯೋತನಕ ನನ್ನ ಜೋಡಿ ಮಾತಾಡಾಂಗಿಲ್ಲ ಅಂತ ಅಂಜಿದೆ."

ನಾನು ಅವರನ್ನು ನಂಬಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆ. ಒಂದು ಸುಳ್ಳು ಹೇಳಿದ ಬಾಯಿ ಎರಡನೆಯದನ್ನೂ ಹೇಳೀತು ಎಂದೇ ಮನಸ್ಸು ಹೇಳಿತು. ಅವರನ್ನು ಬಿಟ್ಟು ನೇರ ಮಾಸ್ತರರ ಹತ್ತಿರ ಹೋದೆ. ಆ ಜನರ ಜೊತೆ ಅದುವರೆಗೆ ಎದುರುಬದುರು ನಿಂತು ಮಾತಾಡಿದವಳಲ್ಲ ನಾನು.

"ಹ್ಯಾಂಗ ಇಟ್ರಿ ನನ್ನ ಮಕ್ಕಳನ್ನ? ನಿಮ್ಮಂಗ ಮಲಗಿಸಿ ಇಟ್ರಿ?"

"ಇಲ್ಲರಿ ಯವ್ವಾ. ನಿಮ್ಮ ಪದ್ಧತಿಲೇ ಕೂಡಿಸಿ ಇಟ್ಟೀವಿ. ಎಡ ಅಂಗೈ ಮ್ಯಾಲ ಲಿಂಗ ಇಡ್ರಿ ಅಂತ ನಿಮ್ಮ ಮನಿಯವ್ರು ಹೇಳಿದ್ರು, ಹಂಗೇ ಮಾಡೀವಿ." ಮತ್ತೆ ಹೇಳಿದರು: "ಸಣ್ಣಂವಂದು ಬಲಗೈ ಮಾತ್ರ ಖಾಲಿ ಇರಲಿಲ್ಲರಿ. ಜೀವ ಹೋದ್ರೂ ನಿಮ್ಮ ಸೆರಗು ಬಿಟ್ಟಿರಲಿಲ್ಲ. ಬೆರಳು ಬಿಡಸಬ್ಯಾಡ್ರಿ ಅಂತ ನಾನೇ ಅಂದೆ. ನಿಮ್ಮ ಮನಿಯವ್ರು ಸೆರಗು ಕೊಯ್ದು ಹಂಗೇ ಕೊಟ್ರು."

ಪೆಟ್ಟಿಗೆಯೊಳಗಿನ ಸೀರೆಯ ಸುದ್ದಿ ಅವರಿಗೆ ಯಾರೂ ಹೇಳಿರಲಾರರು. ನಾನು ಹೋಗಿ ಗುಡ್ಡೆಗಳ ಹತ್ತಿರ ಕುಳಿತೆ. ಒಂಬತ್ತು ತಿಂಗಳಲ್ಲಿ ಮೊದಲ ಸಲ ಅತ್ತುಬಿಟ್ಟೆ, ಅದೂ ಬಾಯಿ ಬಿಟ್ಟು. ನನ್ನ ಗಂಡ ಹತ್ತಿರ ಕುಳಿತರು.

"ಇಲ್ಲಿ ಕುಂತ್ರ ಹೊಟ್ಯಾಗಿನ ಬೆಂಕಿ ಥೋಡೆ ಆರ್ತದ," ಎಂದರು. "ಮೊದಲ್ನೇ ಸಲ ಗುಡ್ಡಿ ನೋಡಲಾಕ ಬಂದಾಗ ಮಾಸ್ತರ ಒಂದೇ ಮಾತಂದ್ರು, ನಮ್ಮ ಸ್ವಾಮಿನೂ ಗೆಳ್ಯಾನ ಗೋರಿ ಮುಂದ ನಿಂತು ಅತ್ತಾನ ಅಂತ. ದೇವರೇ ಅಳ್ತಾನಂದ್ರ ನಂದೇನು ಅಂತ ಅವತ್ತು ಅತ್ತುಬಿಟ್ಟೆ. ಮನಿಗಿ ಬಂದು ಉಂಡೆ."

ಅವತ್ತೇ ಎರಡು ರೊಟ್ಟಿ ತಿಂದದ್ದು.

ಅತ್ತೆ ಅಲ್ಲಿ ನೀರು ಮುಟ್ಟಲಿಲ್ಲ. ತಟ್ಟುವಿನ ಮೇಲೂ ಕೂರಲಿಲ್ಲ. ಮೊಮ್ಮಕ್ಕಳ ಗುಡ್ಡೆಯ ಮುಂದೆ ನಿಂತು, ಬಂದ ದಾರಿಯಲ್ಲಿಯೇ ಬರಿಗಾಲಲ್ಲಿ ನಡೆದಳು. ಮನೆ ಮುಟ್ಟುವಷ್ಟರಲ್ಲಿ ಹಿಮ್ಮಡಿ ಒಡೆದಿತ್ತು. ಹೊರಗಿನಿಂದ ಬಂದವರಿಗೆ ಕಾಲಿಗೆ ನೀರು ಕೊಡುವುದು ಸೊಸೆಯ ಕೆಲಸ. ನಾನು ತಂಬಿಗೆ ಎತ್ತುವ ಮೊದಲೇ ನನ್ನ ಗಂಡ ಎತ್ತಿಕೊಂಡರು. ಕಟ್ಟೆಯ ಮೇಲೆ ಕುಳಿತಿದ್ದ ತಾಯಿಯ ಮುಂದೆ ಪರಾತ ಇಟ್ಟು, ಕೆಳಗೆ ಕುಳಿತರು.

"ಬಿಡೋ ಹುಚ್ಚಾ, ಓಣಿ ನೋಡ್ತದ!"

"ನೋಡಲಿ ಬಿಡು ಯವ್ವಾ."

ತೊಳೆದರು. ಮುಳ್ಳೊಂದನ್ನು ತೆಗೆದರು. ಪರಾತದೊಳಗಿನ ನೀರು ಕೆಂಪಗಾಯಿತು. ಅತ್ತೆ ಬಾಗಿ ಅದನ್ನು ನೋಡಿ, ತಾನು ಸೋಲಲಿಲ್ಲವೆಂಬಂತೆ, "ನೋಡು, ಅದೇ ಬಣ್ಣ!" ಎಂದಳು. ಕಾಲು ಮಾತ್ರ ಹಿಂದೆ ತೆಗೆಯಲಿಲ್ಲ.

ಆಮೇಲೆ ಅವರು ಪರಾತವನ್ನು ನನ್ನ ಮುಂದೆ ಸರಿಸಿದರು. ನಾನು ಕಾಲು ಸೀರೆಯೊಳಗೆ ಎಳೆದುಕೊಂಡೆ. ಗಂಡನಿಂದ ಕಾಲು ತೊಳೆಸಿಕೊಂಡವಳಿಗೆ ಯಾವ ನರಕವೋ ಎಂಬ ಅಂಜಿಕೆ ಒಂದು. ಇದೂ ಏನೋ ಮುಚ್ಚಿಡುವ ಆಟವಿರಬೇಕೆಂಬ ಸಂಶಯ ಇನ್ನೊಂದು. ಕಾಲು ಚಾಚುವ ಮೊದಲು ಕೇಳಿಯೇಬಿಟ್ಟೆ:

"ಔರಾದದ ಹುಡುಗಿದು ಏನು ಮಾಡ್ತೀರಿ?"

"ಏನು ಮಾಡೋದು? ಮಾಸ್ತರರಿಗಿ ಕೇಳೀನಿ. ಒಬ್ಬಕಿ ಇದ್ದಾಗ ಇನ್ನೊಬ್ಬಕಿ ಇಲ್ಲ ಅಂತ. ಅವರ ಧರ್ಮದಾಗ ಅದು ಪಕ್ಕಾ."

"ಮಕ್ಕಳಾಗಲಿಲ್ಲಂದ್ರ?"

"ಆಗಲಿಲ್ಲಂದ್ರೂ."

ಅತ್ತೆ ಕಟ್ಟೆಯಿಂದ ಗುಡುಗಿದಳು: "ಅದೆಂಥಾ ಧರ್ಮವೋ, ಚೊಲೋ ಇಲ್ಲ ಬಿಡು!"

ನಾನು ಕಾಲು ಚಾಚಿದೆ. ಆ ಧರ್ಮದಲ್ಲಿ ನನಗೆ ಮೊದಲು ಅರ್ಥವಾದ ಮಾತು ಅದೇ. ಮುಂದೆ ದೊಡ್ಡ ದೊಡ್ಡ ಮಾತು ಎಷ್ಟೋ ಕೇಳಿದ್ದೇನೆ. ಅದರಷ್ಟು ಬೇಗ ಯಾವುದೂ ತಲೆಗೆ ಹೋಗಿಲ್ಲ.

ಹಾಗೆಂದು ಮರುದಿನವೇ ನನ್ನ ಮನಸ್ಸು ತಿಳಿಯಾಯಿತೆಂದು ತಿಳಿಯಬಾರದು. ಓಣಿಯ ಜನ ನಮ್ಮ ಒಲೆಯ ಕೆಂಡ ಒಯ್ಯುವುದನ್ನು ಬಿಟ್ಟರು. ಜಂಗಮರು ನಮ್ಮ ಬಾಗಿಲು ದಾಟಿ ಮುಂದಿನ ಬಾಗಿಲಿಗೆ ಹೋಗತೊಡಗಿದರು. ನಾನು ಭಾನುವಾರ ಹೋಗುತ್ತಿದ್ದೆ, ಆದರೆ ಗುಡಿಸಲಿನೊಳಗೆ ಅಲ್ಲ. ಬೇವಿನ ಮರದ ಕೆಳಗೆ ಮಕ್ಕಳ ಹತ್ತಿರ ಕುಳಿತು, ಒಳಗಿನ ಹಾಡು ಕೇಳುತ್ತಾ, ಇವರಿಗೆ ನಮ್ಮಿಂದ ಏನು ಬೇಕಾಗಿದೆ ಎಂದು ಲೆಕ್ಕ ಹಾಕುತ್ತಿದ್ದೆ. ಏನೂ ಬೇಡದೆ ಯಾರು ಯಾರ ಮಕ್ಕಳಿಗೆ ತಗ್ಗು ತೋಡುತ್ತಾರೆ? ಮಾಸ್ತರರನ್ನು ಒಂದು ಮಳೆಗಾಲ, ಒಂದು ಚಳಿಗಾಲ ಕಣ್ಣಿಟ್ಟು ನೋಡಿದೆ. ಕಂಬಳಿಗೆ ನೀರು ಸುರಿದು ಕಾಯುವ ಹಾಗೆ.

ಚಳಿಗಾಲ ಮುಗಿಯುವ ಹೊತ್ತಿಗೆ ಮಾಸ್ತರರ ಹೆಂಡತಿ ಜ್ವರದಲ್ಲಿ ತೀರಿಕೊಂಡಳು. ಈಗ ಸೋರುತ್ತದೆ ಎಂದುಕೊಂಡೆ. ಕೆಟ್ಟ ಮನಸ್ಸು ನನ್ನದು. ಮುಂದಿನ ಭಾನುವಾರ ಹೋದಾಗ ಅವರು ಗುಡಿಸಲಿನ ಹೊರಗೆ ಕುಂಟು ಕಾಲು ಚಾಚಿ ಕುಳಿತು ಕೂಸಿನಂತೆ ಅಳುತ್ತಿದ್ದರು. ಒಬ್ಬರಿಗೂ ಮುಖ ಮರೆಸಲಿಲ್ಲ. ಅಳುತ್ತಲೇ ನನ್ನನ್ನು ನೋಡಿ, "ಬಿಸಿಲಾಗ ಬಂದೀರಿ ಯವ್ವಾ, ಏನರ ಉಂಡೀರಿಲ್ಲೋ?" ಎಂದು ಕೇಳಿದರು. ಆಮೇಲೆ ಮುಖ ಒರೆಸಿಕೊಂಡು ಒಳಗೆ ಹೋಗಿ, ಒಡೆದ ದನಿಯಲ್ಲಿಯೇ ಹಾಡು ಎತ್ತಿದರು. ಅಲ್ಲಲ್ಲಿ ದನಿ ನಿಂತುಹೋಗುತ್ತಿತ್ತು. ಉಳಿದವರು ಅಲ್ಲಿಂದ ಹಾಡನ್ನು ಹಿಡಿದು ನಡೆಸುತ್ತಿದ್ದರು.

ಅಂದು ನಾನು ಬೇವಿನ ಮರ ಬಿಟ್ಟು ಎದ್ದು ಒಳಗೆ ಹೋಗಿ ಕುಳಿತೆ. ಪಕ್ಕದ ಹೆಂಗಸು ಸರಿದು ಜಾಗ ಮಾಡಿದಳು. ಅಂಜಿ ಸರಿದದ್ದೋ, ಪ್ರೀತಿಯಿಂದಲೋ ತಿಳಿಯಲಿಲ್ಲ. ಬಟ್ಟಲು ನನ್ನ ಹತ್ತಿರ ಬಂದಾಗ ಕುಡಿಯದೆ ಮುಂದಕ್ಕೆ ಕೊಟ್ಟೆ. ಅದನ್ನು ಕುಡಿಯಲು ಇನ್ನೂ ಒಂದು ವರ್ಷ ಹಿಡಿಯಿತು. ಆದರೆ ಆ ದಿನ ಮನೆಗೆ ಬಂದು ಪೆಟ್ಟಿಗೆ ತೆರೆದು, ಆ ಸೀರೆಯ ಹರಿದ ಅಂಚನ್ನು ಮಡಿಚಿ ಹೊಲಿದು, ಉಟ್ಟುಕೊಂಡೆ. ಊಟ ಮಾಡಿ ಮಲಗಿದೆ. ನಿದ್ದೆ ಬಂತು.

ನನಗೆ ಮತ್ತೆ ಮಕ್ಕಳಾಗಲಿಲ್ಲ. ಔರಾದದ ಹುಡುಗಿಯನ್ನು ಬೇರೆ ಕಡೆ ಕೊಟ್ಟರು. ನನ್ನ ಗಂಡ ದೀಕ್ಷಾಸ್ನಾನ ತೆಗೆದುಕೊಂಡ ದಿನ ತಮ್ಮ ಕೊರಳಿನ ಲಿಂಗವನ್ನು ತಾಯಿಯ ಕೈಯಲ್ಲಿಟ್ಟು ನಮಸ್ಕಾರ ಮಾಡಿದರು. ಅವಳು ಬಯ್ಯುತ್ತಾಳೆಂದು ನಾನು ಅಡುಗೆಮನೆಯಲ್ಲಿ ಅಡಗಿದ್ದೆ. ಬಯ್ಯಲಿಲ್ಲ. ಅಂದಿನಿಂದ ಕಡೆಯವರೆಗೂ ಅಂಗೈಯಲ್ಲಿ ಎರಡು ಲಿಂಗ ಇಟ್ಟು ಪೂಜೆ ಮಾಡಿದಳು. "ಅಂವಂದು ಅಂವ ನೋಡ್ಕೊಳ್ಳಾಂಗಿಲ್ಲ, ನಾ ನೋಡ್ಕೋತೇನಿ," ಎನ್ನುತ್ತಿದ್ದಳು. ಗುಡಿಸಲಿಗೆ ಅವಳು ಮತ್ತೆ ಬರಲಿಲ್ಲ. ಆದರೆ ಬೇಸಿಗೆ ಬಂದರೆ ಗುಡ್ಡೆಗಳಿಗೆ ಬಳಿಯಲು ಸುಣ್ಣ ನೆನೆಹಾಕಿ ಕೊಡುತ್ತಿದ್ದಳು.

ಮಣೂಕ ನೆನೆಸುವ ಕೆಲಸ ಬರಬರುತ್ತಾ ನನ್ನದಾಯಿತು. ಶನಿವಾರ ಮಧ್ಯಾಹ್ನ ತಾಮ್ರದ ಬೋಗುಣಿಯಲ್ಲಿ ನೀರು ಬಿಟ್ಟು, ಮಣೂಕ ಹಾಕಿ, ಬಟ್ಟೆ ಮುಚ್ಚುತ್ತಿದ್ದೆ. ನಡುಮನೆಯಿಂದ ಅತ್ತೆಯ ದನಿ ಬರುತ್ತಿತ್ತು:

"ಏನ ಸ್ವಾಸಿ, ಈ ವಾರ ಯಾರ ಕಾಲು ತೊಳದಿ?"

"ನಿಮ್ಮವೇ ಅತ್ತಿ."

"ಹಂಗಾರ ಬಟ್ಟಿ ಬರಾಬರ್ ಮುಚ್ಚು, ನೊಣ ಬೀಳ್ತದ."